ಇಂದಿನ ಧಮ್ಮ ಚಿಂತನೆ: ಮಗುವಿನ ಪಕ್ಕ ಕೂರುವುದು

 

ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ಜನರನ್ನು ಬೆಸೆಯುವ ನಾಲ್ಕು ಗುಣಗಳನ್ನು ಹೇಳುತ್ತಾರೆ: ದಾನ, ಪ್ರಿಯವಚನ, ಅರ್ಥಚರ್ಯೆ, ಸಮಾನತೆ. ರಥದ ಗಾಲಿಗೆ ಕಡಾಣಿ ಹೇಗೋ, ಲೋಕಕ್ಕೆ ಇವು ಹಾಗೆ.

ನನ್ನ ಮೊಮ್ಮಗನಿಗೆ ನಾಲ್ಕು ವರ್ಷ. ಅವನಿಗೆ ಆಟಿಸಂ ಇದೆ. ಮನೆಗೆ ಬಂದವರು ಪ್ರೀತಿಯಿಂದಲೇ ಗಲ್ಲ ಹಿಡಿದು, "ಮುಖ ನೋಡು, ನಮಸ್ತೆ ಹೇಳು" ಎನ್ನುತ್ತಾರೆ. ಅವನು ಕಿವಿ ಮುಚ್ಚಿಕೊಂಡು ಒಳಗೆ ಓಡುತ್ತಾನೆ. ಇಂಥ ಅನೇಕ ಮಕ್ಕಳಿಗೆ ಕಣ್ಣಲ್ಲಿ ಕಣ್ಣಿಟ್ಟು ನೋಡುವುದೇ ಹಿಂಸೆ. ಒತ್ತಾಯ ಮಾಡಿದಷ್ಟೂ ಮನುಷ್ಯರೆಂದರೆ ಭಯ ಎಂಬುದನ್ನೇ ಕಲಿಯುತ್ತಾರೆ.

ಹಾಗಾದರೆ ಬೆರೆಯುವುದನ್ನು ಕಲಿಸುವುದು ಹೇಗೆ? ಆ ನಾಲ್ಕು ಗುಣಗಳನ್ನೇ ನೋಡೋಣ.

ದಾನವೆಂದರೆ ಇಲ್ಲಿ ಸಮಯ. ಒಂದು ಮಾತು ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸುತ್ತಾ ಕಾಯುವುದು. ಉತ್ತರ ಬರಲು ಅವನಿಗೆ ಅಷ್ಟು ಹೊತ್ತು ಬೇಕು.

ಪ್ರಿಯವಚನವೆಂದರೆ ಕಡಿಮೆ ಮಾತು, ಸ್ಪಷ್ಟ ಮಾತು. "ಹಾಗೆ ಮಾಡಬೇಡ" ಎನ್ನುವ ಬದಲು "ಇಲ್ಲಿ ಕೂರು" ಎನ್ನುವುದು. ಮದುವೆ ಮನೆಗೆ ಹೋಗುವ ಮೊದಲೇ ಅದರ ಚಿತ್ರ ತೋರಿಸುವುದು.

ಅರ್ಥಚರ್ಯೆ ಎಂದರೆ ಮಗುವಿಗೆ ಹಿತವಾದದ್ದನ್ನು ಮಾಡುವುದು. ನಮಸ್ತೆಗಿಂತ ಮೊದಲು "ಬೇಕು", "ಸಾಕು" ಎಂದು ತಿಳಿಸಲು ಕಲಿಸೋಣ. ಬಾಯಿಂದಾಗಲಿ, ಸನ್ನೆಯಿಂದಾಗಲಿ, ಚಿತ್ರದ ಚೀಟಿಯಿಂದಾಗಲಿ. "ಸಾಕು" ಎಂದರೆ ನಿಲ್ಲಿಸುವವರನ್ನು ಮಗು ನಂಬುತ್ತದೆ.

ಸಮಾನತೆಯೇ ಕಷ್ಟದ್ದು. ಅವನು ಆಟದ ಕಾರುಗಳನ್ನು ಸಾಲಾಗಿ ಜೋಡಿಸುತ್ತಾನೆ. ನಾನೂ ನೆಲದ ಮೇಲೆ ಕೂತು ಹಾಗೇ ಜೋಡಿಸುತ್ತೇನೆ. ಅವನದೊಂದು, ನನ್ನದೊಂದು. ಸರದಿ ಎಂಬುದು ಹೀಗೆ ಶುರುವಾಯಿತು. ಕೆಲವು ವಾರಗಳ ನಂತರ ಒಂದು ಕಾರನ್ನು ಅವನೇ ನನ್ನತ್ತ ತಳ್ಳಿದ. ಈಗ ಪಕ್ಕದ ಮನೆಯ ಹುಡುಗಿಗೂ ಆ ಸಾಲಿನಲ್ಲಿ ಜಾಗವಿದೆ.

ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಹೇಳಿದ್ದೂ ಇದನ್ನೇ: ಅರ್ಥವಾಗದಿರುವುದು ಎರಡೂ ಕಡೆಯದು. ಅವರಿಗೆ ನಾವು ಅರ್ಥವಾಗುವುದಿಲ್ಲ, ನಮಗೆ ಅವರೂ ಅರ್ಥವಾಗುವುದಿಲ್ಲ. ಆದ್ದರಿಂದ ಕಲಿಯಬೇಕಾದವರು ಇಬ್ಬರೂ. ನಾವು ದೊಡ್ಡವರು, ಮೊದಲ ಹೆಜ್ಜೆ ನಮ್ಮದಾಗಲಿ.

ಇಂದಿನ ಅಭ್ಯಾಸ: ಇಂಥ ಮಗು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ, ಐದು ನಿಮಿಷ ಏನನ್ನೂ ಕಲಿಸದೆ, ಏನನ್ನೂ ಕೇಳದೆ, ಅದರ ಆಟದ ಪಕ್ಕ ಕೂರಿ. ಅದರ ತಾಯಿಗೆ ಬುದ್ಧಿಮಾತು ಹೇಳಬೇಡಿ, "ಊಟ ಆಯ್ತಾ ತಾಯಿ" ಎಂದು ಕೇಳಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.