ಜಿಗಿ

ಬೆಳಗಿನ ಐದೂವರೆಗೆ ಪಕ್ಕದ ಮನೆಯಿಂದ ತಟ್ ತಟ್ ಸದ್ದು ಶುರುವಾಗುತ್ತದೆ. ರೊಟ್ಟಿ ಬಡಿಯುವ ಸದ್ದು. ಅಬ್ಬೆತುಮಕೂರಿಗೆ ಬಂದ ಹೊಸತರಲ್ಲಿ ಇದರಿಂದ ನಿದ್ದೆ ಕೆಡುತ್ತಿತ್ತು. ಈಗ ಅದು ಕೇಳದಿದ್ದರೆ, ಆ ಮನೆಯ ಅವ್ವನಿಗೆ ಮೈ ಹುಷಾರಿಲ್ಲವೇನೋ ಎಂದು ಕಿಟಕಿಗೆ ಹೋಗುತ್ತೇನೆ.

ನಾನು ತುಮಕೂರು ಕಡೆಯವಳು, ಮೇಷ್ಟ್ರಗಿತ್ತಿ. ಆದೇಶ ನೋಡಿ ಮನೆಯಲ್ಲಿ ನಕ್ಕಿದ್ದರು: ತುಮಕೂರಿನಿಂದ ತುಮಕೂರಿಗೇ ಹೋಗುತ್ತಿದ್ದೀಯಲ್ಲ! ಆ ನಗು ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು ಬಿಸಿಲಿಗೆ ಮುಖ ಕೊಡುವವರೆಗೆ ಇತ್ತು. ರಾಗಿ, ತೆಂಗಿನಕಾಯಿ ಇಲ್ಲದೆ ಒಲೆ ಹಚ್ಚಿ ಗೊತ್ತಿದ್ದವಳಲ್ಲ. ಕಿರಾಣಿ ಅಂಗಡಿಯಲ್ಲಿ ರಾಗಿ ಹಿಟ್ಟು ಕೇಳಿದರೆ, “ಕೂಸಿಗೇನ್ರೀ ಅಕ್ಕೋರ?” ಅಂದರು. ಸಾರಿಗೆಂದು ಕಾಯಿ ಕೇಳಿದರೆ, ಕೇಳದೆಯೇ ಜೊತೆಗೆ ಕರ್ಪೂರ, ಊದುಬತ್ತಿ ಕಟ್ಟಿಟ್ಟರು. ವಿಶ್ವಾರಾಧ್ಯರ ಮಠದ ಊರು. ಕಾಯಿ ಅಂದರೆ ಒಡೆಯುವುದಕ್ಕೆ, ಅರೆಯುವುದಕ್ಕಲ್ಲ. ಪಲ್ಯಕ್ಕೆ ಇಲ್ಲಿ ಶೇಂಗಾ ಪುಡಿ ಬೀಳುತ್ತದೆ.

ಪೇಟೆಯಿಂದ ಜೋಳದ ಹಿಟ್ಟಿನ ಪಾಕೀಟು ತಂದು ನಾನೂ ರೊಟ್ಟಿಗೆ ಕೂತೆ. ಬಡಿದಷ್ಟೂ ಅಂಚು ಸೀಳಿತು, ಎತ್ತಿದರೆ ಹಂಚಿನ ಮೇಲೆ ಬೀಳುವ ಮೊದಲೇ ಮೂರು ತುಂಡು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವ, “ಹಿಟ್ಟು ಹಳೀದಾಗ್ಯಾದ್ರಿ ಅಕ್ಕೋರ, ಜಿಗಿ ಹೋಗ್ಯಾದ” ಎಂದು ಹೇಳಿ, ತಮ್ಮ ಮನೆಯ ಹಿಟ್ಟು ಒಂದು ಬಟ್ಟಲು ತಂದುಕೊಟ್ಟರು. ಗೋಧಿಗಿರುವ ಅಂಟು ಜೋಳಕ್ಕಿಲ್ಲ. ಕುದಿಯುವ ಎಸರು ಸುರಿದು, ಬಿಸಿ ಇರುವಾಗಲೇ ಅಂಗೈಯಲ್ಲಿ ನಾದಿದರೆ ಅದಕ್ಕೊಂದು ಹಿಡಿತ ಬರುತ್ತದೆ. ಬೀಸಿ ಬಹಳ ದಿನವಾದ ಹಿಟ್ಟು ಅದಕ್ಕೂ ಬಗ್ಗುವುದಿಲ್ಲ.

ಅಲ್ಲಿಂದ ನನ್ನ ಸಾಮಾನಿನ ಚೀಟಿ ಗಿಡ್ಡವಾಯಿತು. ಊರಿನಲ್ಲಿದ್ದಾಗ ತಿಂಗಳ ಸಾಮಾನು ಒಂದೇ ಸಲ ತಂದು ಡಬ್ಬಿಗೆ ತುಂಬುತ್ತಿದ್ದೆ. ಯಾವುದು ಯಾವಾಗ ಮುಗಿಯಿತೆಂದು ತಿಳಿಯುತ್ತಲೇ ಇರಲಿಲ್ಲ. ಇಲ್ಲಿ ವಾರಕ್ಕೆ ಸಾಕಾಗುವಷ್ಟು ಜೋಳ ಹಸನು ಮಾಡಿ ಗಿರಣಿಗೆ ಒಯ್ಯುತ್ತೇನೆ. ಸಂಜೆ ಪುಂಡಿಪಲ್ಯ ಬಂದಿದ್ದರೆ ಪುಂಡಿಪಲ್ಯ, ಚವಳಿಕಾಯಿ ಬಂದಿದ್ದರೆ ಚವಳಿಕಾಯಿ. ಏನು ಮಾಡಲಿ ಎಂದು ಅಡುಗೆಮನೆಯಲ್ಲಿ ನಿಂತು ಯೋಚಿಸುವ ಕೆಲಸ ತಪ್ಪಿದೆ. ಇದು ಸಣ್ಣ ಸುಖವೇನಲ್ಲ.

ಗಿರಣಿಯ ಸರದಿಯಲ್ಲಿ ಕೂತಾಗಲೇ ಜೋಳದ ವಿಷಯ ಕಿವಿಗೆ ಬಿದ್ದಿದ್ದು. ಹಿಂಗಾರಿನ ಬಿಳಿಜೋಳ ಹೆಚ್ಚಾಗಿ ಎರೆಮಣ್ಣು ಹಿಡಿದಿಟ್ಟುಕೊಂಡ ತೇವವನ್ನೇ ನಂಬಿ ಚಳಿಗಾಲವೆಲ್ಲ ನಿಲ್ಲುತ್ತದೆ. ಇದೇ ಜಿಲ್ಲೆಯ ಮುದನೂರಿನ ನೇಕಾರ ದೇವರ ದಾಸಿಮಯ್ಯ ನೆಲವನ್ನೂ ಬೆಳೆಯನ್ನೂ ಶಿವನ ದಾನವೆಂದು ವಚನ ಹಾಡಿದವನು. ಆ ವಚನಕ್ಕೆ ನಾನು ವರ್ಷಗಟ್ಟಲೆ ಭಾವಾರ್ಥ ಬರೆಸಿದ್ದೇನೆ. ಎಸರಿಗೆ ಬೆರಳು ಸುಟ್ಟುಕೊಳ್ಳುವವರೆಗೂ ಅದು ನನಗೆ ಪರೀಕ್ಷೆಗೆ ಬರುವ ಪ್ರಶ್ನೆಯಾಗಿತ್ತು, ಅಷ್ಟೆ.

ಕೊಡುವುದು ನನಗೆ ಗೊತ್ತಿತ್ತು, ಇಸಿದುಕೊಳ್ಳುವುದು ಬರುತ್ತಿರಲಿಲ್ಲ. ಅವ್ವನ ಬಟ್ಟಲಿಗೆ ಅಂದೇ ಸಂಜೆ ಸಕ್ಕರೆ ತುಂಬಿ ಓಡಿದ್ದೆ, ‘ಥ್ಯಾಂಕ್ಸ್’ ಬೇರೆ ಹೇಳಿದ್ದೆ. “ಇಷ್ಟ್ ಲಗೂನ ಯಾಕ್ರೀ? ನಾವೇನ್ ಸಾಲ ಕೊಟ್ಟೀವೇನು?” ಅಂದರು. ಮುಖ ಸಪ್ಪಗಾಗಿತ್ತು. ಅಮಾವಾಸ್ಯೆಗೆ ಮಠದ ದಾಸೋಹದ ಪಂಕ್ತಿಯಲ್ಲಿ ಕೂತಾಗ ಆ ಮಾತು ಮತ್ತೆ ನೆನಪಿಗೆ ಬಂತು. ಬಡಿಸುವವರು ಯಾವ ಊರು, ಯಾರ ಮನೆ ಎಂದು ಕೇಳಲಿಲ್ಲ. ಎಲೆಯ ಮುಂದೆ ತಲೆ ತಗ್ಗಿಸಿ ಉಂಡೆ. ತೀರಿಸುವ ಅವಸರವಿಲ್ಲದೆ ಉಂಡದ್ದು, ಬುದ್ಧಿ ಬಂದಮೇಲೆ, ಬಹುಶಃ ಅದೇ ಮೊದಲು.

ಅವ್ವನಿಗೆ ನಾನು ಮುದ್ದೆ ಮಾಡಿಕೊಟ್ಟದ್ದೂ ಉಂಟು. “ಇದೇನ್ರೀ ಅಕ್ಕೋರ, ಕರೀ ಉಂಡಿ!” ಎಂದು ಓಣಿಯವರನ್ನೆಲ್ಲ ಕರೆದು ತೋರಿಸಿದರು. ನುಂಗಬೇಕು ಎಂದರೂ ಅಗಿದೇ ತಿಂದರು.

ಇವತ್ತು ನನ್ನ ರೊಟ್ಟಿಗಳಲ್ಲಿ ಎರಡು ಪೂರ್ತಿ ಉಬ್ಬಿದವು, ಒಂದು ಹರಿಯಿತು. ಅವ್ವನ ಬಟ್ಟಲು ನಾಲ್ಕು ದಿನದಿಂದ ನಮ್ಮಲ್ಲೇ ಇದೆ. ಶಾಲೆಗೆ ಹೋಗುವಾಗ ಮರಳಿಸಬೇಕು. ಊರಿನಿಂದ ತಂದ ಕೊಬ್ಬರಿಯನ್ನು ತುರಿದು ಶೇಂಗಾ ಹಿಂಡಿಗೆ ಬೆರೆಸಿ ಅದರಲ್ಲಿ ಹಾಕಿಟ್ಟಿದ್ದೇನೆ. ಹಿಂಡಿ ಕೆಡಿಸಿದಿರಿ ಎಂದು ಬೈಸಿಕೊಳ್ಳುವುದು ಖಂಡಿತ.