ಭ್ರಮರದ ಅರಿವು ಮತ್ತು ಮಧುತ್ಯಾಗ



ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟಗಳಲ್ಲಿ ಜೇನುಪೆಟ್ಟಿಗೆಯು ಅಪರೂಪದ ವಸ್ತುವಲ್ಲ. ಹಿಂಗಾರವರಳಿದ ಮುಂಜಾನೆ ತುಡುವೆ ಜೇನು ಕಾಲಿಗೆ ಪರಾಗವನ್ನಂಟಿಸಿಕೊಂಡು ಗೂಡಿಗೆ ಮರಳುವುದನ್ನು ಕಾಣದವರಾರು? ಒಳಗೆ ಅಳತೆಗೋಲಿಲ್ಲದೆ ಕಟ್ಟಿದ ಆರು ಮೂಲೆಯ ಕೋಣೆಗಳು. ಹೂವಿನ ನೆಲೆಯನ್ನು ಕಂಡುಬಂದ ಜೇನು ಕತ್ತಲ ಗೂಡಿನೊಳಗೆ ನರ್ತಿಸಿ, ಓಟದ ಓರೆಯಿಂದ ಸೂರ್ಯನಿಗೂ ಹೂವಿಗೂ ಇರುವ ಕೋನವನ್ನೂ, ಓಟದ ಅವಧಿಯಿಂದ ದೂರವನ್ನೂ ಸಂಗಡಿಗರಿಗೆ ತಿಳಿಸುತ್ತದೆ. ಇದನ್ನು ಬಿಡಿಸಿ ತೋರಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇಂಥ ರಚನೆಗೆ ಒಬ್ಬ ಕರ್ತೃ ಬೇಡವೇ ಎಂದು ನೆರೆಹೊರೆಯವರು ಕೇಳುವುದುಂಟು. ಜಿನಾಗಮವು ಸೃಷ್ಟಿಕರ್ತೃವನ್ನು ಒಪ್ಪದು. ದೇಹದ ಅಂಗೋಪಾಂಗಗಳು ನಾಮಕರ್ಮದ ಉದಯದಿಂದ; ಅರಿವಿನ ಹೆಚ್ಚುಕಡಿಮೆಯು ಜ್ಞಾನಾವರಣದ ಕ್ಷಯೋಪಶಮದಿಂದ.

ಕಠಿನವಾದ ಪ್ರಶ್ನೆ ಬೇರೊಂದಿದೆ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಭ್ರಮರವನ್ನು ಚತುರಿಂದ್ರಿಯಕ್ಕೆ ನಿದರ್ಶನವಾಗಿ ಹೆಸರಿಸಿದ್ದಾರೆ: ಸ್ಪರ್ಶನ, ರಸನ, ಘ್ರಾಣ, ಚಕ್ಷು. ಮನವುಳ್ಳವು ಮಾತ್ರ ಸಂಜ್ಞಿಗಳು, ಚತುರಿಂದ್ರಿಯಕ್ಕೆ ಮನವಿಲ್ಲ. ಮನವಿಲ್ಲದ ಜೀವವು ದಾರಿ ಹೇಳುವುದೆಂತು? ಅಸಂಜ್ಞಿಯೆಂದರೆ ಅರಿವಿಲ್ಲದ್ದು ಎಂದು ತಿಳಿದವರಿಗೆ ಈ ತೊಡಕು. ಮತಿ-ಶ್ರುತಗಳು, ಮಿಥ್ಯಾರೂಪದಲ್ಲಾದರೂ, ಏಕೇಂದ್ರಿಯಕ್ಕೂ ಉಂಟು. ಹಿತಾಹಿತವನ್ನು ವಿಚಾರಿಸಿ ಉಪದೇಶವನ್ನು ಗ್ರಹಿಸುವ ಶಕ್ತಿಯನ್ನಷ್ಟೇ ಆಗಮವು ಅಸಂಜ್ಞಿಗೆ ನಿರಾಕರಿಸಿದೆ. ಜೇನು ಬಣ್ಣವನ್ನೂ ವಾಸನೆಯನ್ನೂ ಕಲಿತು ನೆನಪಿಡುತ್ತದೆಂಬ ಪ್ರಯೋಗಗಳು ಈ ಗೆರೆಯ ಸಮೀಪಕ್ಕೇ ಬರುತ್ತವೆ, ಮರೆಮಾಚಬೇಕಾದುದಿಲ್ಲ. ಆದರೆ ನೆನಪೆಂಬುದು ಧಾರಣೆ. ಅವಗ್ರಹ, ಈಹಾ, ಅವಾಯಗಳಂತೆ ಧಾರಣೆಯೂ ಮತಿಜ್ಞಾನದ ಭೇದವೇ.

ಇಷ್ಟು ಅರಿವುಳ್ಳ ಜೀವದ ಬುತ್ತಿಯ ಮಾತಿಗೆ ಬರೋಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮಧುತ್ಯಾಗವನ್ನು ಅಷ್ಟಮೂಲಗುಣಗಳಲ್ಲಿ ಎಣಿಸಿದ್ದಾರೆ. ನಮ್ಮ ಮನೆಗಳ ತರುಣರೋ, "ಪೆಟ್ಟಿಗೆಯ ಜೇನನ್ನು ಯಂತ್ರದಿಂದ ತೆಗೆಯುತ್ತಾರೆ, ಹುಳು ಸಾಯುವುದಿಲ್ಲ, ಇನ್ನೇತಕ್ಕೆ ತ್ಯಾಗ?" ಎನ್ನುತ್ತಾರೆ. ಮಾತಿನಲ್ಲಿ ಹುರುಳಿಲ್ಲದಿಲ್ಲ, ಹೊಗೆಯಿಟ್ಟು ಎರಿಯನ್ನು ಮರಿಹುಳುಗಳ ಸಹಿತ ಹಿಂಡುತ್ತಿದ್ದ ಕ್ರೌರ್ಯ ಪೆಟ್ಟಿಗೆಯಿಂದ ತಗ್ಗಿದೆ. ಆದರೂ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಗೂಡಿನಿಂದ ತಾನಾಗಿಯೇ ಸೋರಿದ ಮಧುವನ್ನು ತೆಗೆದುಕೊಂಡರೂ ಅದನ್ನಾಶ್ರಯಿಸಿದ ಜೀವಿಗಳ ಘಾತದಿಂದ ಹಿಂಸೆಯಾಗುವುದೆಂದು ಸ್ಪಷ್ಟಪಡಿಸಿದ್ದಾರೆ. ಯಂತ್ರದ ವಾದಕ್ಕೆ ಅಲ್ಲಿಯೇ ಉತ್ತರವಿದೆ. ಮೇಲಾಗಿ ನಮ್ಮ ಸೀಮೆಯ ಜಡಿಮಳೆಯಲ್ಲಿ ಹೂವಿಲ್ಲದ ದಿನಗಳಿಗೆಂದು ಜೇನು ಕೂಡಿಟ್ಟದ್ದು ಅದು. ಅದನ್ನು ತೆಗೆದುಕೊಂಡು ಆಷಾಢದಲ್ಲಿ ಸಕ್ಕರೆಪಾಕವನ್ನುಣಿಸುವುದು ವ್ಯವಹಾರವಾದೀತು, ದಾನವಾಗದು.

ಕಷಾಯ, ಚೂರ್ಣಗಳಿಗೆ ಜೇನಿನ ಅನುಪಾನವನ್ನು ವೈದ್ಯರು ಹೇಳಿದಾಗ, ವ್ರತವನ್ನು ತಿಳಿಸಿ, ಬೆಲ್ಲವೋ ಬಿಸಿನೀರೋ ಆದೀತೇ ಎಂದು ಕೇಳಬೇಕು. ಫಸಲಿಗಾಗಿ ತೋಟದಲ್ಲಿ ಪೆಟ್ಟಿಗೆಯಿಟ್ಟವರು ಅದನ್ನು ಕಿತ್ತೊಗೆಯಬೇಕಾಗಿಲ್ಲ; ತುಪ್ಪವನ್ನು ತೆಗೆಯದೆ ಹಾಗೆಯೇ ಬಿಟ್ಟರಾಯಿತು.