ಹಿಟ್ಟಿನ ಕೋಳಿ

ಬೀದರಿನ ನಮ್ಮ ಕಾಲೇಜಿನಲ್ಲಿ ಜನ್ನನ ‘ಯಶೋಧರ ಚರಿತೆ’ಯ ಪಾಠ ನಡೆದಿತ್ತು. ಔರಾದ ಕಡೆಯ ಹುಡುಗನೊಬ್ಬ ಎದ್ದು ನಿಂತು, “ಹಿಟ್ಟಿನ ಕೋಳಿ ಕೊಯ್ದ್ರ ಯಾರ ಜೀವ ಹೋತ್ರಿ, ಸರ?” ಎಂದ. ತರಗತಿ ನಕ್ಕಿತು. ಆದರೆ ಪ್ರಶ್ನೆ ನಕ್ಕು ಬಿಡುವಂಥದಲ್ಲ.

ಕತೆ ವಾಚಕರಿಗೆ ತಿಳಿದದ್ದೇ. ದುಃಸ್ವಪ್ನದ ಶಾಂತಿಗಾಗಿ ದೇವಿಗೆ ಬಲಿ ಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಜೀವಹಿಂಸೆಗೆ ಯಶೋಧರ ಒಪ್ಪಲೊಲ್ಲ. ಕೊನೆಗೆ ಇಬ್ಬರೂ ಮಾಡಿಕೊಂಡ ರಾಜಿಯೇ ಹಿಟ್ಟಿನ ಕೋಳಿ. ಕತ್ತಿ ಬಿದ್ದಾಗ ಅದು ಕೂಗಿತು. ಆ ಒಂದು ಏಟಿಗಾಗಿ ತಾಯಿಮಕ್ಕಳು ನವಿಲಾಗಿ ನಾಯಾಗಿ ಜನ್ಮಜನ್ಮಾಂತರ ತೊಳಲುತ್ತಾರೆ. 1209ರಲ್ಲಿ ಬರೆದ ಈ ಜೈನಕವಿಯ ತೀರ್ಪು ಕಠೋರವಾದದ್ದು: ಕೋಳಿ ಹಿಟ್ಟಿನದಾದರೂ ಕೊಲ್ಲುವ ಸಂಕಲ್ಪ ಹಿಟ್ಟಿನದಲ್ಲ. ಅದೇ ಶತಮಾನದಲ್ಲಿ ಹುಟ್ಟಿದ ಮಧ್ವಾಚಾರ್ಯರ ಪರಂಪರೆಯಾದರೋ ಯಜ್ಞಕ್ಕೆ ಪಿಷ್ಟಪಶುವೇ ಸಾಕೆಂದಿತು. ಆಡಿನ ಕಡೆಯಿಂದ ನೋಡಿದರೆ ಇದೇನು ಸಣ್ಣ ಲಾಭವಲ್ಲ.

ಈಚೆಗೆ ಭಾಲ್ಕಿಯಲ್ಲಿ ಒಂದು ಪ್ರವಚನ ಕೇಳಿದೆ. ಯಜ್ಞಪಶುವೆಂದರೆ ಕಾಮಕ್ರೋಧಗಳು, ಅಗ್ನಿಯೆಂದರೆ ಜ್ಞಾನ ಎಂದರು. ಇದು ಇಂದಿನವರು ಕಟ್ಟಿದ ಅರ್ಥವಲ್ಲ. ಬೃಹದಾರಣ್ಯಕದ ಆರಂಭದಲ್ಲೇ ಅಶ್ವಮೇಧದ ಕುದುರೆಯ ತಲೆ ಉಷಃಕಾಲವಾಗಿದೆ, ಕಣ್ಣು ಸೂರ್ಯನಾಗಿದೆ. ಛಾಂದೋಗ್ಯವು ಮನುಷ್ಯನ 116 ವರ್ಷಗಳ ಆಯುಸ್ಸನ್ನೇ ಯಜ್ಞವೆಂದು ಬಗೆದು, ತಪಸ್ಸು, ದಾನ, ಋಜುತ್ವ, ಅಹಿಂಸೆ, ಸತ್ಯಗಳನ್ನು ಅದರ ದಕ್ಷಿಣೆ ಮಾಡುತ್ತದೆ. ಆದರೆ ಪ್ರಾಚೀನರು ಇದನ್ನೇ ಮಾಡುತ್ತಿದ್ದರು, ಬೇರೇನೂ ಇರಲಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ಯೂಪಕ್ಕೆ ಕಟ್ಟಿದ್ದು ನಿಜವಾದ ಪಶುವನ್ನೇ. ನಮ್ಮ ಜಿಲ್ಲೆಯ ಕಲ್ಯಾಣದಲ್ಲಿದ್ದ ಬಸವಣ್ಣನವರು ವಚನದಲ್ಲಿ ಹೋತಿನ ಪಕ್ಷ ವಹಿಸಿ ಮಾತನಾಡಿದರಲ್ಲ, ಅದು ರೂಪಕದ ಹೋತಾಗಿರಲಿಲ್ಲ.

ಇನ್ನೊಂದು ತೊಡಕೂ ಇದೆ. ಹಳೆಯ ಯಜಮಾನ ಕೊಟ್ಟಿಗೆಯ ಒಂದು ಪಶುವನ್ನಾದರೂ ಕಳೆದುಕೊಳ್ಳುತ್ತಿದ್ದ. ನಾವು ಸಭೆಯಲ್ಲಿ ಕ್ರೋಧವನ್ನು ಬಲಿಕೊಟ್ಟು ಮನೆಗೆ ಬಂದು, ಬಾಗಿಲು ತೆರೆಯಲು ತಡಮಾಡಿದ ಸೊಸೆಯ ಮೇಲೆ ರೇಗುತ್ತೇವೆ. ಕಠೋಪನಿಷತ್ತಿನ ತಂದೆ ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಮಾಡಿದಾಗ, “ನನ್ನನ್ನು ಯಾರಿಗೆ ಕೊಡುತ್ತೀ?” ಎಂದು ನಚಿಕೇತ ಕೇಳಿದ್ದು ಈ ಅಗ್ಗದ ಲೆಕ್ಕವನ್ನು ಕಂಡೇ. ತನಗೆ ಬೇಕಾದದ್ದನ್ನು ಬಿಡದವನ ಸಂಕೇತವೂ ಮುದಿ ಹಸುವೇ ಅಲ್ಲವೆ?

ಬೆಲೆ ತೆತ್ತ ಸಂಕೇತಕ್ಕೆ ನಿದರ್ಶನ ಬೇಕಾದರೆ ದೂರ ಹೋಗಬೇಕಾಗಿಲ್ಲ. ನಾನಕ್ ಝೀರಾಕ್ಕೆ ಹೋಗಿ ನೀರು ಕುಡಿದು ಬರುವ ನಮ್ಮಲ್ಲಿ ಎಷ್ಟೋ ಮಂದಿಗೆ ಬೀದರಿನ ಸಾಹಿಬ್ ಚಂದ್ ಎಂಬ ಕ್ಷೌರಿಕನ ಹೆಸರು ತಿಳಿದಿಲ್ಲ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದಸಿಂಹರು ಕತ್ತಿ ಹಿರಿದು, ನನಗೊಂದು ತಲೆ ಬೇಕು ಎಂದರಂತೆ. ಒಬ್ಬೊಬ್ಬರಾಗಿ ಎದ್ದು ಬಂದ ಐವರಲ್ಲಿ ಇವನೂ ಒಬ್ಬ. ಮೊದಲು ಹೋದವರ ಹಿಂದೆ ಡೇರೆಯಿಂದ ಗುರು ಹೊರಬಂದಾಗ ಕತ್ತಿಯಲ್ಲಿ ನೆತ್ತರಿತ್ತೆಂದು ಸಿಖ್ಖರ ಪರಂಪರೆ ಹೇಳುತ್ತದೆ. ಅದನ್ನು ಕಂಡೂ ಸಾಹಿಬ್ ಚಂದ್ ಒಳಕ್ಕೆ ನಡೆದ; ತಲೆ ಉಳಿಯುವುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಐವರೂ ಜೀವಂತವಾಗಿ ಹೊರಬಂದರು. ಸಾಹಿಬ್ ಸಿಂಗ್ ಎಂಬ ಹೊಸ ಹೆಸರು ಪಡೆದ ಅವನು ಕೆಲವು ವರ್ಷಗಳ ಬಳಿಕ ಚಮಕೌರಿನ ಕಾಳಗದಲ್ಲಿ ಮಡಿದ.